ಹೈಬ್ರಿಡ್ ಕಾರಿಗೆ ದೊಡ್ಡ ಬ್ಯಾಟರಿ: ಕೂಡಿಸುವ ಮೊದಲು ಲೆಕ್ಕ ಹಾಕಿ

ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿರುವ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 0.76 ಯೂನಿಟ್. ಮನೆಯ ಹೆಸ್ಕಾಂ ಮೀಟರಿನಲ್ಲಿ ಓಡುವ ಅದೇ ಯೂನಿಟ್. ಅಷ್ಟು ದುಡ್ಡು ಕೊಟ್ಟು ತಂದ ಕಾರಿನಲ್ಲಿ ಒಂದು ಯೂನಿಟ್ಟೂ ಹಿಡಿಯದ ಬ್ಯಾಟರಿ ಎಂದರೆ ಯಾರಿಗಾದರೂ ಅನಿಸುವುದು ಒಂದೇ: ಇದನ್ನು ತೆಗೆದು ದೊಡ್ಡದೊಂದು ಕೂಡಿಸಿದರೆ ಪೆಟ್ರೋಲ್ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲವೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಈ ಪ್ರಶ್ನೆ ಏಳುವುದು ಸಹಜ. ನಮ್ಮ ಓಡಾಟವೇ ಹಾಗಿದೆ. ಕಾಗವಾಡದವರಿಗೆ ದವಾಖಾನೆ ಎಂದರೆ ಮೀರಜ್, ನಿಪ್ಪಾಣಿಯವರಿಗೆ ಮಾರ್ಕೆಟ್ ಎಂದರೆ ಕೊಲ್ಲಾಪುರ, ಸರ್ಕಾರಿ ಕೆಲಸಕ್ಕೆ ಎಲ್ಲರಿಗೂ ಬೆಳಗಾವಿ. ವಾರದಲ್ಲಿ ನಾಲ್ಕು ದಿನ ಕಾರು ಹೊರಗೇ ಇರುತ್ತದೆ. ಇತ್ತ ಲಿಥಿಯಂ ಸೆಲ್‌ಗಳೂ ಸುಲಭವಾಗಿ ಸಿಗತೊಡಗಿವೆ. ಇನ್ವರ್ಟರಿಗೆ, ಸೋಲಾರಿಗೆ, ಬ್ಯಾಟರಿ ರಿಕ್ಷಾಕ್ಕೆ ಪ್ಯಾಕ್ ಕಟ್ಟಿಕೊಡುವವರು ಪೇಟೆ ಪೇಟೆಯಲ್ಲಿದ್ದಾರೆ. “ಕಾರಿಗೂ ಕೂಡಿಸಿ ಕೊಡ್ತೇವ್ರಿ ಸಾಹೇಬ್ರ, ಪೆಟ್ರೋಲ್ ಮರತ ಬಿಡ್ರಿ” ಎಂದು ಯಾರಾದರೂ ಹೇಳಿದರೆ ಮನಸ್ಸು ಅತ್ತ ಎಳೆಯುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. ಚೆನ್ನಾಗಿ ಓಡುತ್ತಿರುವ ಹೈಬ್ರಿಡ್ ಕಾರಿನ ಬ್ಯಾಟರಿಯನ್ನು ದೊಡ್ಡದು ಮಾಡಲು ಹಣ ಹಾಕಬೇಡಿ. ಕೆಟ್ಟುಹೋದ ಬ್ಯಾಟರಿ ಬದಲಿಸುವುದು ಬೇರೆ ಮಾತು, ಅದಕ್ಕೆ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಇಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಜೀವದ್ದು. ಹೈರೈಡರ್ ಬ್ಯಾಟರಿಯ ವೋಲ್ಟೇಜು 177.6. ಅದು ಡಿಸಿ ಕರೆಂಟು. ತಪ್ಪು ಜಾಗ ಮುಟ್ಟಿದ ಮಿಸ್ತ್ರಿ ಮತ್ತೆ ಏಳದಿರಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ಹಿಂಸೀಟಿನ ಹತ್ತಿರವೇ ಇರುವ ವಸ್ತು ಇದು.

ನಿಮ್ಮದು ಯಾವ ಹೈಬ್ರಿಡ್?

ಬಾಗಿಲ ಮೇಲೆ ‘ಹೈಬ್ರಿಡ್’ ಎಂದು ಬರೆದ ಎಲ್ಲ ಕಾರುಗಳೂ ಒಂದೇ ಅಲ್ಲ. ಮಾರುತಿಯ ಸಿಯಾಜ್, ಎರ್ಟಿಗಾ, ಎಕ್ಸ್‌ಎಲ್6, ಬ್ರೆಝಾಗಳಲ್ಲಿ ಬಂದ ‘ಸ್ಮಾರ್ಟ್ ಹೈಬ್ರಿಡ್’ ಎಂಬುದು ಸೌಮ್ಯ ಬಗೆ. ಅದರಲ್ಲಿ ಆಲ್ಟರ್ನೇಟರಿನ ಜಾಗದಲ್ಲಿರುವ ಯಂತ್ರವೇ ಸ್ಟಾರ್ಟರ್ ಕೆಲಸವನ್ನೂ ಮಾಡುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಥಟ್ಟನೆ ಎಬ್ಬಿಸುತ್ತದೆ, ವೇಗ ಏರುವಾಗ ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ. ಅಷ್ಟೇ. ಆ ಮೋಟಾರಿಗೆ ಕಾರನ್ನು ಒಂಟಿಯಾಗಿ ಎಳೆಯುವ ಶಕ್ತಿ ಇಲ್ಲ. ಆದ್ದರಿಂದ ಇಂಥ ಕಾರಿಗೆ ಎಷ್ಟೇ ದೊಡ್ಡ ಬ್ಯಾಟರಿ ಇಟ್ಟರೂ ಕರೆಂಟಿನ ಮೇಲೆ ಹತ್ತು ಹೆಜ್ಜೆ ಓಡದು. ಸೌಮ್ಯ ಹೈಬ್ರಿಡ್ ಇಟ್ಟುಕೊಂಡವರು ಈ ಯೋಚನೆಯನ್ನು ಇಲ್ಲಿಗೇ ಬಿಡಬಹುದು.

ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಹೈರೈಡರ್, ಗ್ರ್ಯಾಂಡ್ ವಿಟಾರಾದ ಮೇಲಿನ ಮಾದರಿಗಳು, ಹೋಂಡಾ ಸಿಟಿಯ ಇ-ಎಚ್‌ಇವಿ, ಇನ್ನೋವಾ ಹೈಕ್ರಾಸ್, ಕ್ಯಾಮ್ರಿ ಈ ಸಾಲಿನವು. ಇವು ಮೋಟಾರಿನಿಂದಲೇ ಸದ್ದಿಲ್ಲದೆ ಹೊರಡುತ್ತವೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುವುದು ನಮ್ಮದೇ ರಾಜ್ಯದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. 2022ರಲ್ಲಿ ಬಂದ ಈ ಜೋಡಿಗೆ ಲೀಟರಿಗೆ 27.97 ಕಿ.ಮೀ. ಎಂಬುದು ಪ್ರಮಾಣಿತ ಪರೀಕ್ಷೆಯ ಮೈಲೇಜು. ನಮ್ಮ ರಸ್ತೆಯಲ್ಲಿ 22ರ ಆಸುಪಾಸು ಎಂದು ಇಟ್ಟುಕೊಂಡೇ ಲೆಕ್ಕ ಮಾಡೋಣ. ಇನ್ನೋವಾ ಹೈಕ್ರಾಸ್‌ನಲ್ಲಿ ಇರುವುದು ಲಿಥಿಯಂ ಅಲ್ಲ, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಕೊಳ್ಳುವವರಲ್ಲಿ ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ.

ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ಮೂರನೆಯ ಬಗೆಯೊಂದಿದೆ. ನಮ್ಮ ಕಡೆ ಜನಸಾಮಾನ್ಯರು ಕೊಳ್ಳುವ ಬೆಲೆಯ ಹೈಬ್ರಿಡ್‌ಗಳಲ್ಲಿ ಆ ಸೌಲಭ್ಯವಿಲ್ಲ. ದೊಡ್ಡ ಬ್ಯಾಟರಿಯ ಆಸೆಗೆಲ್ಲ ಮೂಲ ಇದೇ. ಯಾವ ಹೈಬ್ರಿಡ್ಡನ್ನು ಪ್ಲಗ್ಗಿಗೆ ಹಾಕಲು ಬರುವುದಿಲ್ಲವೋ ಅದನ್ನು ಪ್ಲಗ್ಗಿನ ಕಾರು ಮಾಡಿಕೊಳ್ಳಬೇಕು ಎಂಬುದು ಆ ಆಸೆ.

ಚಿಕ್ಕ ಬ್ಯಾಟರಿ ಯಾಕೆ ಚಿಕ್ಕದು

ಈ 0.76 ಯೂನಿಟ್ ಪೂರ್ತಿ ಬಳಕೆಯಾಗುವುದೂ ಇಲ್ಲ. ಕಾರಿನ ಕಂಪ್ಯೂಟರು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡದು, ಪೂರ್ತಿ ಖಾಲಿಯಾಗಲೂ ಬಿಡದು, ನಡುವಿನ ಅರ್ಧದಷ್ಟನ್ನೇ ಆಡಿಸುತ್ತದೆ. ಕೈಗೆ ಸಿಗುವುದು 0.3ರಿಂದ 0.4 ಯೂನಿಟ್. ಊರೊಳಗಿನ ವೇಗದಲ್ಲಿ ಇಂಥ ಕಾರಿಗೆ ಕಿಲೋಮೀಟರಿಗೆ 0.15 ಯೂನಿಟ್ ಬೇಕು ಎಂದು ಹಿಡಿದರೆ ಎರಡು, ಎರಡೂವರೆ ಕಿ.ಮೀ. ಓಡುವಷ್ಟು. ಹೀಗೆ ನಡುವಿನಲ್ಲೇ ಆಡಿಸುವುದರಿಂದಲೇ ಆ ಬ್ಯಾಟರಿ ವರ್ಷಗಟ್ಟಲೆ ಬಾಳುವುದು, ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುವುದು.

ಹೈಬ್ರಿಡ್ಡಿನ ಬ್ಯಾಟರಿ ಪೆಟ್ರೋಲ್ ಟ್ಯಾಂಕಿಗೆ ಬದಲಿಯಲ್ಲ. ಬ್ರೇಕ್ ಹಾಕಿದಾಗ ಬಿಸಿಯಾಗಿ ಹಾಳಾಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟು, ಮರುಕ್ಷಣ ಕಾರು ಎತ್ತುವಾಗ ಕೊಟ್ಟುಬಿಡುವುದೇ ಅದರ ಕೆಲಸ. ಚಿಕ್ಕೋಡಿಯ ಬಸವೇಶ್ವರ ಸರ್ಕಲ್ಲಿನಲ್ಲಿ ನಿಂತು ಹೊರಡುವಾಗ, ಕಬ್ಬಿನ ಟ್ರ್ಯಾಕ್ಟರ್ ಸಾಲಿನ ಹಿಂದೆ ನಿಲ್ಲುತ್ತಾ ಏಳುತ್ತಾ ಸಾಗುವಾಗ ಅದು ನಿಮಿಷಕ್ಕೊಮ್ಮೆ ತುಂಬುತ್ತದೆ, ನಿಮಿಷಕ್ಕೊಮ್ಮೆ ಬರಿದಾಗುತ್ತದೆ. ಒಂದು ಸಲ ನಿಲ್ಲಿಸಿದರೆ ಸಿಗುವ ಶಕ್ತಿ ಯೂನಿಟ್ಟಿನ ನೂರರಲ್ಲಿ ಕೆಲವೇ ಪಾಲು. ಅದನ್ನು ಹಿಡಿಯಲು 0.76 ಧಾರಾಳವಾಯಿತು.

ಬ್ಯಾಟರಿಯನ್ನು 5 ಯೂನಿಟ್ಟಿಗೆ ಏರಿಸಿ, ಹೊರಗಿನಿಂದ ಚಾರ್ಜ್ ಮಾಡದೆ ಬಿಟ್ಟರೆ ಅದನ್ನು ತುಂಬುವವರು ಯಾರು? ಎಂಜಿನ್ನೇ ತುಂಬಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಾಖ ಇದೆ. ಒಳ್ಳೆಯ ಹೈಬ್ರಿಡ್ ಎಂಜಿನ್ ಕೂಡ ಅದರಲ್ಲಿ ನೂರಕ್ಕೆ 40ರ ಆಸುಪಾಸಿಗಿಂತ ಹೆಚ್ಚನ್ನು ಕೆಲಸಕ್ಕೆ ತಿರುಗಿಸಲಾರದು. ಜನರೇಟರಿನ ನಷ್ಟವನ್ನೂ ಕಳೆದರೆ ಲೀಟರಿಗೆ ಮೂರು ಯೂನಿಟ್ ಬ್ಯಾಟರಿಗೆ ಸೇರೀತು. ಅಂದರೆ ಒಂದು ಯೂನಿಟ್ಟಿಗೆ 30 ರೂಪಾಯಿಗೂ ಮೀರಿ ಖರ್ಚು. ಹೆಸ್ಕಾಂ ಅದೇ ಯೂನಿಟ್ಟನ್ನು 6 ರೂಪಾಯಿ ಆಸುಪಾಸಿಗೆ ಕೊಡುತ್ತದೆ. ಪ್ಲಗ್ ಇಲ್ಲದ ದೊಡ್ಡ ಬ್ಯಾಟರಿಯಿಂದ ಉಳಿತಾಯ ಆಗುವುದಿಲ್ಲ, ಬದಲಿಗೆ ಹೊರುವ ಭಾರ ಹೆಚ್ಚಾಗುತ್ತದೆ.

“ಘಾಟ್ ಇಳಿಯುವಾಗ ತುಂಬುತ್ತದಲ್ಲ?” ಎಂದು ಕೇಳುವವರಿದ್ದಾರೆ. ಅದು ಸರಿಯಾದ ಪ್ರಶ್ನೆ, ದೊಡ್ಡ ಬ್ಯಾಟರಿಗೆ ನಿಜವಾದ ಅವಕಾಶ ಇರುವುದು ಅಲ್ಲಿಯೇ. ಆದರೆ ನಮ್ಮ ಐದೂ ತಾಲ್ಲೂಕು ಬಹುಪಾಲು ಬಯಲು. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಚಿಕ್ಕದು, ಕಾರಿನ ಮೂಲ ಬ್ಯಾಟರಿಗೇ ಅಲ್ಲಿ ತಕ್ಕ ಕೆಲಸ ಸಿಗುತ್ತದೆ. ದೊಡ್ಡ ಇಳಿಜಾರು ಬೇಕೆಂದರೆ ಸಂಕೇಶ್ವರ, ಆಜರಾ ದಾಟಿ ಅಂಬೋಲಿ ಘಾಟ್ ಇಳಿದು ಸಾವಂತವಾಡಿ ಕಡೆ ಹೋಗಬೇಕು. ಜನ ತುಂಬಿದ 1,600 ಕಿಲೋ ತೂಕದ ಕಾರು ಅಲ್ಲಿ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ ಎನ್ನಿ. ಆ ಇಳಿತದ ಒಟ್ಟು ಶಕ್ತಿ 2 ಯೂನಿಟ್ಟಿಗಿಂತ ತುಸು ಹೆಚ್ಚು. ಗಾಳಿಯ ತಡೆ, ಟೈರಿನ ಎಳೆತ, ಮೋಟಾರಿನ ನಷ್ಟ ಕಳೆದರೆ ಬ್ಯಾಟರಿಗೆ ಸೇರಬಹುದಾದದ್ದು ಹೆಚ್ಚೆಂದರೆ ಒಂದು ಯೂನಿಟ್. ಮೂಲ ಬ್ಯಾಟರಿ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹಿಡಿಯುತ್ತದೆ. ಆಮೇಲೆ ತುಂಬಿತು ಎಂದು ಗೊತ್ತಾದ ಕೂಡಲೇ ಕಂಪ್ಯೂಟರು ಎಂಜಿನ್ ತಿರುಗಿಸಿ ಅದರ ಬಿಗಿಯಿಂದ ಕಾರನ್ನು ತಡೆಯುತ್ತದೆ. ಇಳಿಜಾರಿನಲ್ಲಿ ಎಂಜಿನ್ ಒಮ್ಮೆಲೇ ಜೋರಾಗಿ ಕೂಗುವುದು ಇದಕ್ಕೇ, ಅದು ಕೆಟ್ಟಿಲ್ಲ. ದೊಡ್ಡ ಬ್ಯಾಟರಿ ಇದ್ದರೆ ಇನ್ನೂ ಅರ್ಧ, ಮುಕ್ಕಾಲು ಯೂನಿಟ್ ಉಳಿಯುತ್ತಿತ್ತು, ನಾಲ್ಕೈದು ಕಿ.ಮೀ. ಪೆಟ್ರೋಲ್ ಮಿಗುತ್ತಿತ್ತು. ಒಂದು ಸಲ ಘಾಟ್ ಇಳಿದರೆ 20, 25 ರೂಪಾಯಿ. ಇದಕ್ಕಾಗಿ ಲಕ್ಷಗಟ್ಟಲೆ ಖರ್ಚು ಮಾಡುವುದು ನ್ಯಾಯವಲ್ಲ.

ಪ್ಲಗ್ ಹಾಕಿದರೆ?

ಈಗ ಉಳಿದದ್ದು ಒಂದೇ ದಾರಿ. 5 ಯೂನಿಟ್ ಪ್ಯಾಕ್, ಜೊತೆಗೊಂದು ಚಾರ್ಜರ್, ರಾತ್ರಿ ಮನೆಯಲ್ಲಿ ಪ್ಲಗ್. ಇದರಲ್ಲಿ ಬಳಕೆಗೆ ಸಿಗುವ 4 ಯೂನಿಟ್ಟಿನಲ್ಲಿ ಸುಮಾರು 27 ಕಿ.ಮೀ. ಓಡಬಹುದು. ಅದೇ ದೂರಕ್ಕೆ ಹೈಬ್ರಿಡ್ ಕುಡಿಯುವ ಪೆಟ್ರೋಲು ಒಂದೂಕಾಲು ಲೀಟರ್, ಸುಮಾರು 125 ರೂಪಾಯಿ. ಚಾರ್ಜಿಂಗ್ ನಷ್ಟ ಸೇರಿ ಕರೆಂಟಿಗೆ 28 ರೂಪಾಯಿ. ಮೇಲ್ನೋಟಕ್ಕೆ ದಿನಕ್ಕೆ 95 ರೂಪಾಯಿ ಉಳಿತಾಯ.

ಆದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯನ್ನು ಇಲ್ಲಿ ಮರೆಯುವಂತಿಲ್ಲ. ತಿಂಗಳಿಗೆ 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆ ಎಂದುಕೊಳ್ಳಿ. ಕಾರಿಗೆ ತಿಂಗಳಲ್ಲಿ 25 ದಿನ 4.6 ಯೂನಿಟ್‌ನಂತೆ 115 ಯೂನಿಟ್ ಸೇರಿದರೆ ಒಟ್ಟು 235. 200ರ ಗಡಿ ದಾಟಿದ ಮೇಲೆ ಮನೆಯ ಬಿಲ್ಲು ಪೂರ್ತಿ ನಿಮ್ಮ ತಲೆಗೆ. ಕಾರಿನ ಕರೆಂಟಿಗೆ 700 ರೂಪಾಯಿ ಎಂದುಕೊಂಡದ್ದು ನಿಗದಿತ ಶುಲ್ಕ, ತೆರಿಗೆ ಸೇರಿ ಅದರ ಇಮ್ಮಡಿ ದಾಟುತ್ತದೆ. ವಿದ್ಯುತ್ ಕಾರು ಕೊಳ್ಳುವವರೂ ಗಮನಿಸಬೇಕಾದ ಲೆಕ್ಕ ಇದು.

ಇನ್ನು ವೇಗದ ಮಾತು. ಪ್ಯಾಕ್ ದೊಡ್ಡದಾದರೂ ಕಾರಿನ ಗೇರು, ಮೋಟಾರು, ಕಂಪ್ಯೂಟರು ಹಳೆಯವೇ. ಟೊಯೊಟಾದ ಎರಡನೆಯ ತಲೆಮಾರಿನ ಪ್ರಿಯಸ್ ಹೈಬ್ರಿಡ್‌ನಲ್ಲಿ ಗಂಟೆಗೆ ಸುಮಾರು 68 ಕಿ.ಮೀ. ವೇಗ ದಾಟಿದರೆ ಎಂಜಿನ್ ತಿರುಗಲೇಬೇಕಿತ್ತು, ಯಂತ್ರದ ಜೋಡಣೆಯೇ ಹಾಗಿತ್ತು. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿ.ಮೀ. ಹೆದ್ದಾರಿ, ಅಲ್ಲಿ ಯಾರೂ 60ರಲ್ಲಿ ಹೋಗುವುದಿಲ್ಲ. ನಮ್ಮವರ ದೂರದ ಓಡಾಟವೆಲ್ಲ ಹೆದ್ದಾರಿಯ ಮೇಲೇ ಆಗುವುದರಿಂದ ದೊಡ್ಡ ಬ್ಯಾಟರಿಯ ಲಾಭ ಅಲ್ಲೇ ಸೋರಿಹೋಗುತ್ತದೆ. ಮೀರಜ್‌ಗೆ ಹೋಗಿಬರುವ ಕಾಗವಾಡದವರಂಥ ಕೆಲವರಿಗಷ್ಟೇ ದೂರ ಹೊಂದುತ್ತದೆ. ಅಂಥವರಿಗೆ ನಾನು ಹೇಳುವುದು, ಪ್ಯಾಕಿಗೆ ಹಾಕುವ ಹಣದ ಜೊತೆ ಹಳೆಯ ಕಾರಿನ ಬೆಲೆ ಕೂಡಿಸಿ ಪೂರ್ತಿ ವಿದ್ಯುತ್ ಕಾರನ್ನೇ ಕೊಳ್ಳಿ ಎಂದು. ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ, ವಾರಂಟಿ ಹೊತ್ತು ಬಂದ ಬ್ಯಾಟರಿ ಅದರಲ್ಲಿ ಇರುತ್ತದೆ.

ಮೊದಲು ಮಾಡಿ ನೋಡಿದವರ ಕತೆ

ಈ ಆಸೆ ಹೊಸದಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಕಾರ್ಸ್ ಎಂಬ ಗುಂಪು ಟೊಯೊಟಾ ಪ್ರಿಯಸ್ ಕಾರಿಗೆ ಹೆಚ್ಚುವರಿ ಬ್ಯಾಟರಿ ಇಟ್ಟು ಪ್ಲಗ್ಗಿನಿಂದ ಚಾರ್ಜ್ ಮಾಡಿ ಓಡಿಸಿ ತೋರಿಸಿತು. ಆಮೇಲೆ ಹೈಮೋಷನ್ ಎಂಬ ಕಂಪನಿ ಅದೇ ಪ್ರಿಯಸ್‌ಗೆ 5 ಯೂನಿಟ್ಟಿನ ಲಿಥಿಯಂ ಪ್ಯಾಕನ್ನು ಸುಮಾರು 10,000 ಡಾಲರಿಗೆ ಮಾರಿತು. ಅದರ ತೂಕ 80 ಕಿಲೋ ಮೇಲಿತ್ತು, ಕೂರುತ್ತಿದ್ದದ್ದು ಡಿಕ್ಕಿಯ ತಳದಲ್ಲಿ. ಆ ಕಾಲದಲ್ಲಿ ಅದು ದೊಡ್ಡ ಸಾಧನೆ. ಬೇಡಿಕೆ ಇದೆ ಎಂದು ತೋರಿಸಿಕೊಟ್ಟವರು ಅವರು. 2012ರಲ್ಲಿ ಟೊಯೊಟಾ ತಾನೇ 4.4 ಯೂನಿಟ್ ಬ್ಯಾಟರಿಯ ಪ್ಲಗ್ ಇರುವ ಪ್ರಿಯಸ್ ಮಾರಾಟಕ್ಕೆ ತಂದ ಮೇಲೆ ಹೊರಗಿನವರಿಂದ ಕೂಡಿಸಿಕೊಳ್ಳುವ ಕಾರಣವೇ ಉಳಿಯಲಿಲ್ಲ.

ಆ ಪ್ರಯೋಗಗಳ ನಡುವೆ, 2008ರ ಜೂನ್‌ನಲ್ಲಿ, ಅಮೆರಿಕದ ಸೌತ್ ಕೆರೊಲಿನಾದಲ್ಲಿ ಹೀಗೆ ಮಾರ್ಪಡಿಸಿದ ಒಂದು ಪ್ರಿಯಸ್ ಹೊತ್ತಿ ಉರಿಯಿತು. ತನಿಖೆಯಲ್ಲಿ ಕಂಡದ್ದು ಸೆಲ್ಲಿನ ದೋಷವಲ್ಲ. ಸೆಲ್‌ಗಳನ್ನು ಜೋಡಿಸಿದ ಬೋಲ್ಟಿನ ಜಾಗದಲ್ಲಿ ಸಂಪರ್ಕ ಸರಿಯಾಗಿ ಕೂರದೆ, ಅಲ್ಲಿ ಬಿಸಿ ಏರಿ, ಪಕ್ಕದ ಸೆಲ್ ಕಾದು ಬೆಂಕಿ ಹಿಡಿದಿತ್ತು. ಒಳ್ಳೆಯ ಕಂಪನಿಯ ಸೆಲ್ ಬಳಸಿ, ಅನುಭವ ಇದ್ದವರೇ ಕಟ್ಟಿದ ಪ್ಯಾಕಿನಲ್ಲಿ ಒಂದು ಜೋಡಣೆ ಸಡಿಲಾದದ್ದಕ್ಕೆ ಕಾರೇ ಹೋಯಿತು. “ನಾವು ಒರಿಜಿನಲ್ ಸೆಲ್ ಹಾಕ್ತೇವ್ರಿ” ಎಂಬ ಭರವಸೆ ಯಾಕೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಮ್ಮ ರಸ್ತೆಗಳ ತಗ್ಗುದಿನ್ನೆಯಲ್ಲಿ ಬೋಲ್ಟು ಸಡಿಲಾಗಲು ಹೆಚ್ಚು ದಿನ ಬೇಕಿಲ್ಲ.

ನಮ್ಮ ಪಕ್ಕದ ಪುಣೆಯಲ್ಲೂ ಯತ್ನ ನಡೆಯಿತು. 2010ರಲ್ಲಿ ಕೆಪಿಐಟಿ ಕಮಿನ್ಸ್ ಕಂಪನಿ ಭಾರತ್ ಫೋರ್ಜ್ ಜೊತೆಗೂಡಿ ‘ರೆವೊಲೊ’ ಎಂಬ ಕಿಟ್ ತೋರಿಸಿತು. ಓಡುವ ಸಾಮಾನ್ಯ ಪೆಟ್ರೋಲ್ ಕಾರಿಗೆ ಮೋಟಾರು, ಬ್ಯಾಟರಿ ಕೂಡಿಸಿ ಹೈಬ್ರಿಡ್ ಮಾಡುವ ಯೋಜನೆ. ದೊಡ್ಡ ಎಂಜಿನಿಯರಿಂಗ್ ಬಲ ಬೆನ್ನಿಗಿದ್ದರೂ ಅದು ನಾವು ನೀವು ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಾಗಲಿಲ್ಲ. ಅಷ್ಟು ದೊಡ್ಡವರಿಗೆ ಕಷ್ಟವಾದ ಕೆಲಸವನ್ನು ಗ್ಯಾರೇಜಿನಲ್ಲಿ ಎರಡು ದಿನದಲ್ಲಿ ಮಾಡಿಕೊಡುತ್ತೇವೆ ಎಂದರೆ ಎರಡು ಸಲ ಯೋಚಿಸಿ.

ಪಾಸಿಂಗ್, ವಿಮೆ, ದಂಡ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ವಿನಾಯಿತಿ ಇರುವುದು ಸರ್ಕಾರದ ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್‌ಗಳಿಗೆ ಮಾತ್ರ. ಹೈಬ್ರಿಡ್ ಕಿಟ್‌ಗಳನ್ನು ಅಳೆಯುವ ಮಾನದಂಡದ ಹೆಸರು ಎಐಎಸ್-123. ಯಾರಾದರೂ ಕಿಟ್ ಮಾರಲು ಬಂದರೆ ಕೇಳಬೇಕಾದದ್ದು ಒಂದೇ ಕಾಗದ: ಈ ಮಾನದಂಡದಡಿ, ನಿಮ್ಮದೇ ಕಾರಿನ ಮಾದರಿಗೆ, ಪುಣೆಯ ಎಆರ್‌ಎಐ ಅಥವಾ ಅಂಥ ಮಾನ್ಯ ಸಂಸ್ಥೆ ಕೊಟ್ಟ ಒಪ್ಪಿಗೆ ಪತ್ರ. ಸೆಲ್ಲಿನ ಸರ್ಟಿಫಿಕೇಟ್ ತೋರಿಸಿದರೆ ಅದು ಬೇರೆ. ಚಾರ್ಜರಿನ ಸರ್ಟಿಫಿಕೇಟ್ ಕೂಡ ಬೇರೆ. 2022ರಲ್ಲಿ ವಿದ್ಯುತ್ ಸ್ಕೂಟರ್‌ಗಳು ಸಾಲಾಗಿ ಬೆಂಕಿಗೆ ಬಿದ್ದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳೂ ಬಿಗಿಯಾಗಿವೆ, ಆ ಬಿಗಿಯನ್ನು ದಾಟಿ ಬಂದ ಪ್ಯಾಕ್ ಯಾವುದು ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ.

ಒಪ್ಪಿಗೆ ಇದ್ದ ಕಿಟ್ ಕೂಡಿಸಿದರೂ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಒಪ್ಪಿಗೆ ಇಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದು.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ನಮ್ಮ ಕಡೆ ಎಂಎಚ್ ಪಾಸಿಂಗ್ ಗಾಡಿಗಳು ಎಷ್ಟೋ. ಕೊಲ್ಲಾಪುರ, ಸಾಂಗ್ಲಿ, ಪುಣೆಯಿಂದ ಹಳೆಯ ಕಾರು ತಂದು, 12 ತಿಂಗಳಿಗೂ ಮೀರಿ ಇಲ್ಲೇ ಇಟ್ಟುಕೊಂಡರೆ ಎನ್‌ಓಸಿ ತಂದು ಚಿಕ್ಕೋಡಿ ಆರ್‌ಟಿಓದಲ್ಲಿ ಕೆಎ-23 ಪಾಸಿಂಗ್ ಮಾಡಿಸಬೇಕಾಗುತ್ತದೆ. ಆಗ ಗಾಡಿಯನ್ನು ಆರ್‌ಸಿಯ ಜೊತೆ ತಾಳೆ ನೋಡುತ್ತಾರೆ. ಹಿಂದಿನ ಮಾಲೀಕ ಯಾವುದೋ ಗ್ಯಾರೇಜಿನಲ್ಲಿ ಕೂಡಿಸಿದ ಬ್ಯಾಟರಿಗೆ ಜವಾಬ್ದಾರಿ ಆಗ ನಿಮ್ಮದು. ಹಳೆಯ ಹೈಬ್ರಿಡ್ ಕೊಳ್ಳುವಾಗ ಡಿಕ್ಕಿಯ ತಳದ ಹಾಸು ಎತ್ತಿಸಿ ನೋಡಿ. ಕಂಪನಿಯ ಮುಚ್ಚಳ, ಎಚ್ಚರಿಕೆಯ ಸ್ಟಿಕರ್, ಕಿತ್ತಳೆ ಬಣ್ಣದ ಕೇಬಲ್ ಇದ್ದಲ್ಲೇ ಇರಬೇಕು. ಟೇಪ್ ಸುತ್ತಿದ ವೈರು ಕಂಡರೆ ಆ ವ್ಯವಹಾರ ಬೇಡ.

ವಿಮಾ ಕಂಪನಿಗೆ ಹೇಳದೆ ಮಾಡಿದ ಮಾರ್ಪಾಟು ಅಪಘಾತದ ದಿನ ಹೊರಬೀಳುತ್ತದೆ. ಕ್ಲೇಮ್ ನಿರಾಕರಿಸಲು ಅವರಿಗೆ ಅಷ್ಟೇ ಸಾಕು. ಕಾರು ಕಂಪನಿಯ ವಾರಂಟಿಯೂ ಅಲ್ಲಿಗೆ ಮುಗಿಯಿತು.

ಹಳೆಯ ಬ್ಯಾಟರಿ ಸೋತಾಗ

ಈಗ ನಿಜವಾಗಿ ಹಣ ಹಾಕಬೇಕಾದ ಜಾಗಕ್ಕೆ ಬರೋಣ. 2010ರ ಆಚೀಚಿನ ಪ್ರಿಯಸ್, 2013ರ ನಂತರದ ಕ್ಯಾಮ್ರಿ ಹೈಬ್ರಿಡ್‌ಗಳು ದೊಡ್ಡ ಊರುಗಳಿಂದ ಕಡಿಮೆ ಬೆಲೆಗೆ ನಮ್ಮ ಕಡೆ ಬರಬಹುದು. ಅವುಗಳಲ್ಲಿರುವುದು ನಿಕಲ್ ಬ್ಯಾಟರಿ. ಆ ಪ್ರಿಯಸ್‌ನಲ್ಲಿ 7.2 ವೋಲ್ಟಿನ 28 ಮಾಡ್ಯೂಲ್, ಒಟ್ಟು 201.6 ವೋಲ್ಟ್. ಆ ಕ್ಯಾಮ್ರಿಯಲ್ಲಿ 34 ಮಾಡ್ಯೂಲ್, 244.8 ವೋಲ್ಟ್. ಹತ್ತು ವರ್ಷ ದಾಟಿದ ಮೇಲೆ ಇವು ಸೋಲುವುದು ಸಹಜ.

ಸೋಲುವ ಮುನ್ನ ಲಕ್ಷಣ ತೋರಿಸುತ್ತವೆ. ಚಾರ್ಜಿನ ಗೆರೆಗಳು ಐದು ನಿಮಿಷದಲ್ಲಿ ತುಂಬಿ, ಐದು ನಿಮಿಷದಲ್ಲಿ ಇಳಿದುಹೋಗುತ್ತವೆ. ಹಿಂಸೀಟಿನ ಬದಿಯ ಫ್ಯಾನು ಸದ್ದು ಮಾಡತೊಡಗುತ್ತದೆ. ಸಿಗ್ನಲ್ಲಿನಲ್ಲಿ ಆರಬೇಕಾದ ಎಂಜಿನ್ ಆರುವುದೇ ಇಲ್ಲ. ಕೊನೆಗೆ ಎಚ್ಚರಿಕೆಯ ದೀಪ. ಸ್ಕ್ಯಾನರ್ ಹಚ್ಚಿದರೆ ಪಿ0ಎ80 ಎಂಬ ಕೋಡು ಬರುತ್ತದೆ, ಬ್ಯಾಟರಿ ಬದಲಿಸಿ ಎಂಬುದು ಅದರ ಅರ್ಥ.

ಕೋಡು ಬಂದ ಕೂಡಲೇ ಹೆದರಿ ಲಕ್ಷ ರೂಪಾಯಿ ಎಣಿಸಬೇಡಿ. ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ತಾಮ್ರದ ಪಟ್ಟಿಗಳ ಮೇಲೆ ವರ್ಷಗಳು ಕಳೆದಂತೆ ಹಸಿರು ಕಿಲುಬು ಹತ್ತುತ್ತದೆ. ಪಟ್ಟಿಯ ತುದಿಯಲ್ಲಿ, ನಟ್ಟಿನ ಕೆಳಗೆ, ಉಗುರಿನಷ್ಟು ಜಾಗದಲ್ಲಿ ಕುಳಿತ ಆ ಕಿಲುಬು ವೋಲ್ಟೇಜನ್ನು ತಪ್ಪಾಗಿ ತೋರಿಸುತ್ತದೆ, ಚೆನ್ನಾಗಿರುವ ಬ್ಯಾಟರಿಯೂ ಕೆಟ್ಟದ್ದೆಂದು ಕಾಣುತ್ತದೆ. ತರಬೇತಾದ ಮಿಸ್ತ್ರಿ ಅವನ್ನು ಬಿಚ್ಚಿ, ಉಜ್ಜಿ, ಹೇಳಿದಷ್ಟೇ ಬಿಗಿಯಲ್ಲಿ ಮತ್ತೆ ಕೂಡಿಸಿದರೆ ಕೆಲವು ಕಾರುಗಳು ಮೊದಲಿನಂತೆ ಓಡುತ್ತವೆ. ಆದ್ದರಿಂದ ಮೊದಲು ಪ್ರತಿ ಬ್ಲಾಕಿನ ವೋಲ್ಟೇಜನ್ನು, ಕಾರು ಎಳೆಯುವಾಗಿನದನ್ನೂ ಬ್ರೇಕ್ ಹಾಕುವಾಗಿನದನ್ನೂ, ಕಾಗದದ ಮೇಲೆ ಬರೆಸಿಕೊಳ್ಳಿ. ಒಂದೇ ಬ್ಲಾಕು ಉಳಿದವುಗಳಿಂದ ದೂರ ನಿಂತರೆ ಒಂದು ಕತೆ, ಎಲ್ಲವೂ ಕುಸಿದಿದ್ದರೆ ಇನ್ನೊಂದು.

“ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಿಸ್ತೇವೆ, ಅಗ್ಗದಲ್ಲಿ ಆಗ್ತದ” ಎಂಬ ಸಲಹೆ ಸಿಗುತ್ತದೆ. ಮುದಿ ಎತ್ತಿನ ಜೋಡಿಗೆ ಎಳೆ ಹೋರಿ ಕಟ್ಟಿದಂತೆ ಅದು. ಹೊಸದರ ಬಲಕ್ಕೆ ಹಳೆಯವು ಒಗ್ಗದೆ ಆರು ತಿಂಗಳಲ್ಲಿ ಇನ್ನೊಂದು ಸೋಲುತ್ತದೆ, ಆಮೇಲೆ ಮತ್ತೊಂದು. ಕಾರನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಪೂರ್ತಿ ಪ್ಯಾಕ್ ಬದಲಿಸುವುದೇ ಲೇಸು.

ಆ ಪೂರ್ತಿ ಪ್ಯಾಕ್ ಲಿಥಿಯಂ ಆಗಬಹುದೇ? ಹೊರದೇಶಗಳಲ್ಲಿ ಹಳೆಯ ಪ್ರಿಯಸ್‌ಗೆ ಹೊಂದುವ ಲಿಥಿಯಂ ಪ್ಯಾಕ್‌ಗಳು ಸಿಗುತ್ತವೆ, ಹಗುರ ಕೂಡ. ಆದರೆ ಕಾರಿನ ಹಳೆಯ ಕಂಪ್ಯೂಟರಿಗೆ ಗೊತ್ತಿರುವುದು ನಿಕಲ್ ಬ್ಯಾಟರಿಯ ನಡೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್ಲಿನ ವೋಲ್ಟೇಜು 3.2ರ ಹತ್ತಿರ ಬಹಳ ಹೊತ್ತು ಹಾಗೇ ನಿಂತು, ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ. ಎಷ್ಟು ತುಂಬಿದೆ ಎಂಬ ಅಂದಾಜಿನಲ್ಲಿ ಕಂಪ್ಯೂಟರು ತಪ್ಪಿದರೆ ಸೆಲ್ಲಿಗೆ ಮಿತಿಮೀರಿ ಚಾರ್ಜ್ ಹೋಗುತ್ತದೆ. ನಿಕಲ್ ಅದನ್ನು ಸ್ವಲ್ಪ ಸಹಿಸುತ್ತದೆ, ಲಿಥಿಯಂ ಸಹಿಸದು. ಪ್ರತಿ ಸೆಲ್ಲನ್ನೂ ಕಾಯುವ ತನ್ನದೇ ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಪ್ಯಾಕಿನಲ್ಲಿ ಇದೆಯೇ, ಅದು ಕಾರಿನ ಕಂಪ್ಯೂಟರಿನ ಜೊತೆ ಮಾತಾಡುತ್ತದೆಯೇ, ಅಪಾಯ ಕಂಡಾಗ ಪ್ಯಾಕನ್ನು ತಾನೇ ಕಡಿದುಹಾಕುತ್ತದೆಯೇ, ಮಾರಿದವರು ಮೂರು ವರ್ಷದ ಮೇಲೂ ಸಿಗುತ್ತಾರೆಯೇ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಕಂಪನಿಯ ಮೂಲ ನಿಕಲ್ ಪ್ಯಾಕನ್ನೇ ಹಾಕಿಸಿ. ಖರ್ಚು ಹೆಚ್ಚಾದರೂ ಮನೆಯವರು ನೆಮ್ಮದಿಯಿಂದ ಕೂರುವ ಕಾರು ಅದು.

ಕೆಲಸ ಮಾಡುವವರನ್ನು ಕಣ್ಣಾರೆ ನೋಡಿ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಹತ್ತು ನಿಮಿಷವಾದರೂ ಕಾಯದೆ ಒಳಗೆ ಕೈ ಹಾಕುವವರ ಹತ್ತಿರ ಗಾಡಿ ಬಿಡಬೇಡಿ. ಇನ್ವರ್ಟರಿನ ಕೆಪಾಸಿಟರುಗಳು ಅಷ್ಟು ಹೊತ್ತು ಕರೆಂಟು ಹಿಡಿದಿಟ್ಟಿರುತ್ತವೆ. 1,000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಅವರ ಕೈಯಲ್ಲಿ ಇರಲೇಬೇಕು.

ಇದ್ದ ಬ್ಯಾಟರಿ ಬಾಳಬೇಕೆಂದರೆ

ದೊಡ್ಡ ಬ್ಯಾಟರಿಗೆ ಮನಸ್ಸು ಮಾಡುವವರಲ್ಲಿ ಎಷ್ಟೋ ಜನ ಇದ್ದ ಬ್ಯಾಟರಿಯ ಗಾಳಿ ಕಿಂಡಿಯನ್ನು ಒಮ್ಮೆಯೂ ನೋಡಿರುವುದಿಲ್ಲ. ಟೊಯೊಟಾ ಹೈಬ್ರಿಡ್‌ಗಳ ಬ್ಯಾಟರಿ ತಣ್ಣಗಾಗುವುದು ಕಾರಿನ ಒಳಗಿನ ಗಾಳಿಯಿಂದ. ಸಾಮಾನ್ಯವಾಗಿ ಹಿಂಸೀಟಿನ ಆಸುಪಾಸು ಜಾಲರಿಯ ಒಂದು ಕಿಂಡಿ ಇರುತ್ತದೆ. ಎಲ್ಲಿದೆ ಎಂಬ ಚಿತ್ರ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದೆ. ಕಬ್ಬಿನ ಹಂಗಾಮಿನಲ್ಲಿ ಮಣ್ಣಿನ ದಾರಿಯ ಧೂಳು, ರವದಿಯ ಚೂರು, ಕಂಬಳಿಯ ಎಳೆ ಎಲ್ಲ ಅಲ್ಲಿ ಕುಳಿತು ಬೂದಿ ಬಣ್ಣದ ಪದರ ಕಟ್ಟುತ್ತವೆ. ಹಿಂಸೀಟಿನಲ್ಲಿ ಬೆಲ್ಲದ ಪೆಂಟಿ, ಜೋಳದ ಚೀಲ ಒತ್ತಿಟ್ಟರೆ ಕಿಂಡಿ ಪೂರ್ತಿ ಮುಚ್ಚುತ್ತದೆ. ಅಥಣಿ, ಕಾಗವಾಡದ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಿಲ್ಲದೆ ಕಾದ ಬ್ಯಾಟರಿಯ ಆಯುಷ್ಯ ಅಲ್ಲೇ ಕಡಿಮೆಯಾಗುತ್ತದೆ. ಸರ್ವಿಸಿಗೆ ಬಿಟ್ಟಾಗ ಈ ಫಿಲ್ಟರ್ ಸ್ವಚ್ಛ ಮಾಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಬೇಸಿಗೆಯಲ್ಲಿ ಗಾಡಿ ನೆರಳಿಗಿರಲಿ, ಓಡುವಾಗ ಎಸಿ ಹಚ್ಚಿರಿ. ಆ ತಂಪು ಬ್ಯಾಟರಿಗೂ ಬೇಕು.

ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಸಾಮಾನ್ಯ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಒಂದಿದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳದು. ಗಾಡಿ ನಿಲ್ಲಿಸಿ ತಿಂಗಳುಗಟ್ಟಲೆ ಊರು ಬಿಡುವವರು, ವಾರಕ್ಕೊಮ್ಮೆ ‘ರೆಡಿ’ ದೀಪ ಹೊತ್ತಿಸಿ ಅರ್ಧ ಗಂಟೆ ಹಾಗೇ ಬಿಡುವಂತೆ ಮನೆಯವರಿಗೆ ಹೇಳಿ ಹೋಗಿ. ನಿಮ್ಮ ಹೈಬ್ರಿಡ್ಡಿನಿಂದ ವೈರು ಎಳೆದು ಬೇರೆಯವರ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿಕೊಡುವ ಉಪಕಾರ ಮಾತ್ರ ಬೇಡ. ಪ್ಲಸ್ ಮೈನಸ್ ಅದಲುಬದಲಾದರೆ ಇನ್ವರ್ಟರೇ ಸುಡುತ್ತದೆ.

ಮಳೆಗಾಲದ ಮಾತು ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಮುಖ್ಯ. ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದಾಗ ಕಲ್ಲೋಳ–ಯಡೂರ ಸೇತುವೆಯಂಥ ತಗ್ಗು ಸೇತುವೆಗಳು ಮೊದಲು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ವೇದಗಂಗೆ ಹರಿಯಿತು. ಹೈಬ್ರಿಡ್ಡಿನ ಬ್ಯಾಟರಿ ಕಾರಿನ ತಳಕ್ಕೆ ಹತ್ತಿರ ಇರುತ್ತದೆ. ಸೀಟಿನ ಮಟ್ಟಕ್ಕೆ ನೀರು ಹತ್ತಿದ ಕಾರನ್ನು ನೀರಿಳಿದ ಮೇಲೆ ಒಣಗಿಸಿ ಸ್ಟಾರ್ಟ್ ಮಾಡಿ ನೋಡುವ ಸಾಹಸ ಮಾಡಬೇಡಿ. ಬಟನ್ ಒತ್ತಬೇಡಿ, ಕಿತ್ತಳೆ ಕೇಬಲ್ ಮುಟ್ಟಬೇಡಿ, ಗೋಡೆ, ಮೇವಿನ ಬಣವೆ, ಬೇರೆ ಗಾಡಿಗಳಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಸರ್ವಿಸ್ ಸೆಂಟರಿಗೂ ವಿಮಾ ಕಂಪನಿಗೂ ಫೋನ್ ಮಾಡಿ. ನೀರು ಹೊಕ್ಕ ಲಿಥಿಯಂ ಪ್ಯಾಕ್ ದಿನಗಳು ಕಳೆದ ಮೇಲೂ ಹೊತ್ತಿಕೊಳ್ಳಬಹುದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವ ನಮ್ಮ ರೂಢಿಯೂ ಇಲ್ಲಿ ಸಲ್ಲದು. ಮುಂದಿನ ಗಾಲಿ ನೆಲದ ಮೇಲೆ ಉರುಳಿದರೆ ಅದರ ಜೊತೆ ಮೋಟಾರೂ ತಿರುಗಿ ಕರೆಂಟು ಹುಟ್ಟಿಸುತ್ತದೆ. ಪೂರ್ತಿ ಎತ್ತಿ ಹೊರುವ ಗಾಡಿ ತರಿಸಿ, ಇಲ್ಲವೇ ಮುಂದಿನ ಗಾಲಿ ಎತ್ತಿ ಒಯ್ಯುವಂಥದ್ದು.

ಕೊನೆಗೆ ತೆಗೆದ ಹಳೆಯ ಪ್ಯಾಕಿನ ವಿಲೇವಾರಿ. ಅದನ್ನು ಗುಜರಿಗೆ ಹಾಕಬೇಡಿ, ಹಿತ್ತಲಿನಲ್ಲಿ ಸೋಲಾರಿಗೆ ಬಳಸೋಣ ಎಂದು ಬಿಚ್ಚಲೂ ಹೋಗಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಹಾಕಿಸುವ ದಿನವೇ ಹಳೆಯದನ್ನು ಶೋರೂಮಿಗೆ ಒಪ್ಪಿಸಿ, ಪ್ಯಾಕಿನ ಸೀರಿಯಲ್ ನಂಬರ್ ಬರೆದ ರಸೀದಿ ಪಡೆದು, ಆರ್‌ಸಿ ಇಟ್ಟ ಫೈಲಿನಲ್ಲೇ ಸೇರಿಸಿಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರಿಗೆ ತೋರಿಸಲು ಬೇಕಾಗುತ್ತದೆ.